ಮೊದಲ ಗಾಡಿ ಸೂರ್ಯನಿಗಿಂತ ಮುಂಚೆ ಹೊರಡಲಿ

ಮಾನ್ಯ ಸಂಪಾದಕರೇ,

ನಂದಿಬೆಟ್ಟಕ್ಕೆ ರೋಪ್‌ವೇ ಬೇಕೋ ಬೇಡವೋ ಎಂದು ನಿಮ್ಮ ಪುಟದಲ್ಲಿ ಓದುಗರು ಬರೆಯುತ್ತಿರುವುದನ್ನು ಬಿಡದೆ ಓದುತ್ತಿದ್ದೇನೆ. ಬೇಕು ಅನ್ನುವವರು ಪ್ರವಾಸಿಗರ ಲೆಕ್ಕ ಹೇಳಿದ್ದಾರೆ. ಬೇಡ ಅನ್ನುವವರು ಬಂಡೆ, ಮರ, ಹಕ್ಕಿಗಳ ಮಾತು ಎತ್ತಿದ್ದಾರೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಆದರೆ ಒಂದು ಪ್ರಶ್ನೆಯನ್ನು ಇಲ್ಲಿವರೆಗೆ ಯಾರೂ ಕೇಳಿಲ್ಲ. ಆ ಗಾಡಿ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತದೆ?

ಇದೇನು ಇಷ್ಟು ಸಣ್ಣ ವಿಷಯ ಅನ್ನಿಸಬಹುದು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ 34 ವರ್ಷ ಕೂತವಳು. ಪಿಂಚಣಿ ಕೊಡುವ ದಿನ ಅಜ್ಜಂದಿರು, ಅಜ್ಜಿಯರು ಬೆಳಿಗ್ಗೆ ಏಳಕ್ಕೇ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊದಲ ಬಸ್ಸು ಅವರನ್ನು ಆ ಹೊತ್ತಿಗೇ ತಂದು ಬಿಡುತ್ತಿತ್ತು. ಕಚೇರಿ ಬಾಗಿಲು ತೆರೆಯುವ ಹೊತ್ತು ಬೇರೆ. ನಡುವಿನ ಆ ಎರಡು ಮೂರು ಗಂಟೆ ಅವರು ಬಿಸಿಲಲ್ಲಿ ಕಾಯುತ್ತಿದ್ದದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಅನ್ನುವುದರ ಮೇಲೇ ಅದು ಯಾರಿಗಾಗಿ ಇರುವ ಬಾಗಿಲು ಅನ್ನುವುದು ಗೊತ್ತಾಗುತ್ತದೆ.

ನಮ್ಮದು ದೊಡ್ಡಬಳ್ಳಾಪುರ. ಮೋಡ ಇಲ್ಲದ ದಿನ ನಮ್ಮ ಮನೆಯ ತಾರಸಿಯಿಂದ ನಂದಿಬೆಟ್ಟ ಕಾಣುತ್ತದೆ. ನಮ್ಮ ಯಜಮಾನರು ಹುಡುಗರಾಗಿದ್ದಾಗ ಶನಿವಾರ ರಾತ್ರಿ ಎರಡು ಗಂಟೆಗೆ ಎದ್ದು ಗೆಳೆಯರ ಜೊತೆ ಸೈಕಲ್ ಹತ್ತುತ್ತಿದ್ದರಂತೆ. ಸುಲ್ತಾನಪೇಟೆ ಹತ್ತಿರ ಸೈಕಲ್ ನಿಲ್ಲಿಸಿ, ಬ್ಯಾಟರಿ ಬೆಳಕಲ್ಲಿ ಕಲ್ಲಿನ ಮೆಟ್ಟಿಲು ಹತ್ತಿ, ಸೂರ್ಯ ಹುಟ್ಟುವ ಮೊದಲೇ ಮೇಲೆ ಕೂತಿರುತ್ತಿದ್ದರು. ಮದುವೆಯಾದ ಮೇಲೆ ನನ್ನನ್ನೂ ಒಂದು ಸಲ ಹತ್ತಿಸಿದರು. ಅವತ್ತು ಬರೀ ಮಂಜು. ಸೂರ್ಯ ಕಾಣಲೇ ಇಲ್ಲ. ಪರವಾಗಿಲ್ಲ, ಇನ್ನೊಂದು ಸಲ ಬರೋಣ ಅಂದರು. ಮಕ್ಕಳು, ಕೆಲಸ, ಅತ್ತೆಯ ಕಾಯಿಲೆ ಅಂತ ಆ ಇನ್ನೊಂದು ಸಲ ಬರುವ ಹೊತ್ತಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ಅಷ್ಟರಲ್ಲಿ ಅವರ ಎದೆ ಸೋತಿತ್ತು, ನನ್ನ ಮಂಡಿ ಸವೆದಿತ್ತು.

ಒಂದು ಭಾನುವಾರ ಮಗಳು ಕಾರು ಮಾಡಿಕೊಂಡು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟಳು. ನಾಲ್ಕು ಗಂಟೆಗೇ ಮನೆ ಬಿಟ್ಟೆವು. ಬೆಟ್ಟದ ಬುಡದಲ್ಲಿ ಕಾರುಗಳ ಸಾಲು. ಒಂದರ ಹಿಂದೆ ಒಂದು, ಕೆಂಪು ದೀಪ ಹೊತ್ತಿಸಿಕೊಂಡು ನಿಂತಿದ್ದವು. ಎಲ್ಲರೂ ನಮ್ಮ ಹಾಗೇ ಸೂರ್ಯನನ್ನು ನೋಡಲು ಬಂದವರು, ಯಾರನ್ನು ಏನನ್ನಲಿ? ಐದೂವರೆ ಆಯಿತು, ಆರಾಯಿತು, ಆರೂವರೆ ಆಯಿತು. ಮುಂದಿದ್ದ ವ್ಯಾನಿನ ಹಿಂದಿನ ಗಾಜಿನಲ್ಲಿ ಒಂದು ಕಿತ್ತಳೆ ಬಣ್ಣದ ಚುಕ್ಕೆ ಕಾಣಿಸಿತು. ನಮ್ಮವರು ಅದನ್ನು ತೋರಿಸಿ, ಹುಟ್ಟಿದ ನೋಡು ಅಂದರು. ಆಮೇಲೆ ಏನೂ ಮಾತಾಡಲಿಲ್ಲ. ಅದಾಗಿ ಏಳು ತಿಂಗಳಿಗೆ ತೀರಿಕೊಂಡರು.

ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಮುಂದೆ ಹೇಳುವ ಮಾತಿಗೆ ಇದು ಬೇಕು, ಅದಕ್ಕೆ ಹೇಳಿದೆ.

ಮಗಳು ಈಗ ಜಪಾನಿನ ತ್ಸುಕುಬಾದಲ್ಲಿದ್ದಾಳೆ. ಟೋಕಿಯೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಊರು ತುಂಬ ಸಂಶೋಧನಾ ಸಂಸ್ಥೆಗಳು. ಭಾರತದ ವಿಜ್ಞಾನಿಗಳು ಅಲ್ಲಿ ಬಂದು ಹೋಗುವುದು ಹೊಸದೇನಲ್ಲ. ಊರಿನ ಉತ್ತರಕ್ಕೆ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಬೆಟ್ಟ. ಅದರ ಹೆಸರೂ ತ್ಸುಕುಬಾ. ಎರಡು ಶಿಖರ. ಒಂದು ಗಂಡು ಶಿಖರ, 871 ಮೀಟರ್. ಇನ್ನೊಂದು ಹೆಣ್ಣು ಶಿಖರ, 877 ಮೀಟರ್. ಹೌದು, ಹೆಣ್ಣೇ ಆರು ಮೀಟರ್ ಎತ್ತರ. ನಾನು ಅಲ್ಲಿಗೆ ಹೋದ ಮೊದಲ ದಿನ ಮಗಳ ಮನೆಯ ಬಾಲ್ಕನಿಯಿಂದ ಅದನ್ನು ನೋಡಿದಾಗ ನಮ್ಮ ತಾರಸಿಯೇ ನೆನಪಾಯಿತು. ಎತ್ತರದಲ್ಲಿ ನಮ್ಮ ನಂದಿಗೆ ಸಮ ಅಲ್ಲ. ನಂದಿ ಸಮುದ್ರಮಟ್ಟದಿಂದ 1,478 ಮೀಟರ್. ಆದರೆ ಊರಿನವರು ಬೆಳಿಗ್ಗೆ ಎದ್ದು ಆ ಕಡೆ ಒಂದು ಸಲ ನೋಡಿ ಕೆಲಸಕ್ಕೆ ಹೋಗುವ ರೀತಿ ಮಾತ್ರ ಒಂದೇ.

ಆ ಬೆಟ್ಟದ ಒಂದು ಕತೆಯನ್ನು ಮಗಳು ಹೇಳಿದಳು. 8ನೇ ಶತಮಾನದ ಅವರ ಹಳೆಯ ದಾಖಲೆಯಲ್ಲಿ ಇರುವ ಕತೆ. ದೇವತೆಗಳಿಗೆಲ್ಲ ಹಿರಿಯನಾದ ಒಬ್ಬ ಮೂಲದೇವರು ತನ್ನ ಮಕ್ಕಳ ಬೆಟ್ಟಗಳನ್ನು ನೋಡಲು ಹೊರಟನಂತೆ. ಫ್ಯೂಜಿ ಬೆಟ್ಟ ತಲುಪುವಾಗ ಕತ್ತಲಾಯಿತು. ರಾತ್ರಿ ಇರಲು ಜಾಗ ಕೇಳಿದ. ಇವತ್ತು ಹೊಸ ಬೆಳೆಯ ಹಬ್ಬ, ಮನೆಯಲ್ಲಿ ಮಡಿ, ಒಳಗೆ ಕರೆಯೋ ಹಾಗಿಲ್ಲ ಅಂತು ಫ್ಯೂಜಿ. ಮುನಿಸಿಕೊಂಡ ಹಿರಿಯ ತ್ಸುಕುಬಾಗೆ ಬಂದ. ಅಲ್ಲೂ ಅದೇ ಹಬ್ಬ, ಅದೇ ಮಡಿ. ಆದರೂ ತ್ಸುಕುಬಾ ಬಾಗಿಲು ತೆಗೆದು, ಊಟ ಹಾಕಿ, ಮಲಗಲು ಜಾಗ ಕೊಟ್ಟಿತು. ಅದಕ್ಕೇ ಫ್ಯೂಜಿಯ ಮೇಲೆ ಯಾವಾಗಲೂ ಹಿಮ, ಜನ ಹತ್ತಲಾರರಂತೆ. ತ್ಸುಕುಬಾಗೆ ಮಾತ್ರ ಜನ ಬುತ್ತಿ ಕಟ್ಟಿಕೊಂಡು, ಹಾಡಿಕೊಂಡು ಬರುತ್ತಲೇ ಇರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಬಾಗಿಲು ತೆರೆದ ಬೆಟ್ಟ ಅದು. ಕತೆ ಕೇಳಿದಾಗ ನಮ್ಮಜ್ಜಿ ಹೇಳುವ ಕತೆಯ ಹಾಗೇ ಇದೆಯಲ್ಲ ಅಂದುಕೊಂಡೆ.

ಜನವರಿ 1ರ ಮೊದಲ ಸೂರ್ಯನನ್ನು ನೋಡುವುದು ಅಲ್ಲಿನವರಿಗೆ ದೊಡ್ಡ ವಿಷಯ. ಹತ್ಸುಹಿನೊದೆ ಅಂತಾರೆ. ಹಿಂದೆ ಅವರ ಹೊಸ ವರ್ಷವೂ ನಮ್ಮ ಯುಗಾದಿಯ ಹಾಗೆ ಚಂದ್ರನ ಲೆಕ್ಕದಲ್ಲೇ ಬರುತ್ತಿತ್ತು. 1873ರಲ್ಲಿ ಪಂಚಾಂಗ ಬದಲಾಗಿ ಜನವರಿ 1ಕ್ಕೆ ಬಂತು. ದಿನ ಬದಲಾದರೂ ಭಕ್ತಿ ಕಡಿಮೆಯಾಗಿಲ್ಲ. ಹಿಂದಿನ ರಾತ್ರಿ ಬಕ್‌ವೀಟ್ ಅನ್ನುವ ಧಾನ್ಯದ ಶಾವಿಗೆ ತಿಂದು, ಬೌದ್ಧ ದೇಗುಲಗಳ ಗಂಟೆ 108 ಸಲ ಬಾರಿಸುವುದನ್ನು ಕೇಳಿ, ನಿದ್ದೆಗೆಟ್ಟು ಬೆಟ್ಟಕ್ಕೋ ಕಡಲ ದಂಡೆಗೋ ಹೊರಡುತ್ತಾರೆ.

ಅಮ್ಮಾ ನೀನೂ ಬರ್ತೀಯಾ ಅಂದಳು ಮಗಳು. ನನಗೆ ಒಂದು ಮಂಡಿಗೆ ಆಪರೇಷನ್ ಆಗಿದೆ, ಇನ್ನೊಂದು ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಹತ್ತು ಮೆಟ್ಟಿಲು ಹತ್ತಿದರೆ ಹನ್ನೊಂದನೆಯದಕ್ಕೆ ಕಂಬಿ ಹುಡುಕುವವಳು. ಬೆಟ್ಟಕ್ಕೆ ನಾನೆಲ್ಲಿ ಅಂದೆ. ಅದಕ್ಕೇ ರೋಪ್‌ವೇ ಇದೆ ಅಂದಳು.

ಇಲ್ಲಿ ಒಂದು ಮಾತು. ನಾವು ಕೇಬಲ್ ಕಾರ್, ರೋಪ್‌ವೇ ಎರಡನ್ನೂ ಒಂದೇ ಅರ್ಥದಲ್ಲಿ ಹೇಳುತ್ತೇವೆ. ಅಲ್ಲಿ ಹಾಗಲ್ಲ. ಹಳಿಯ ಮೇಲೆ ಹಗ್ಗ ಎಳೆಯುವ ಗಾಡಿಗೆ ಕೇಬಲ್ ಕಾರ್ ಅಂತಾರೆ. ಗಾಳಿಯಲ್ಲಿ ತೂಗುತ್ತ ಹೋಗುವುದಕ್ಕೆ ರೋಪ್‌ವೇ ಅಂತಾರೆ. ತ್ಸುಕುಬಾದಲ್ಲಿ ಎರಡೂ ಇವೆ. ಹಳಿಯದ್ದು 1925ರಲ್ಲಿ ಶುರುವಾದದ್ದು, ನೂರು ವರ್ಷದ ಹಳೆಯದು. ಯುದ್ಧದ ಕಾಲದಲ್ಲಿ ನಿಂತುಹೋಗಿ, 1954ರಲ್ಲಿ ಮತ್ತೆ ಓಡಿತಂತೆ. ಗಾಳಿಯಲ್ಲಿ ಹೋಗುವುದು 1965ರದ್ದು. 1,296 ಮೀಟರ್ ಉದ್ದದ ದಾರಿ, 298 ಮೀಟರ್ ಏರು, ಆರು ನಿಮಿಷ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಎರಡೇ ಪೆಟ್ಟಿಗೆಗಳು. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಇಳಿಯುವುದರ ಭಾರವೇ ಏರುವುದಕ್ಕೆ ಅರ್ಧ ಕೆಲಸ ಮಾಡಿಕೊಡುತ್ತದೆ.

ಟೋಕಿಯೋ ಹತ್ತಿರ ತಕಾವೊ ಅನ್ನುವ ಇನ್ನೊಂದು ಬೆಟ್ಟ ಇದೆ. ಅಲ್ಲಿನ ಹಳಿಯ ಗಾಡಿ ಜಪಾನಿನಲ್ಲೇ ಅತಿ ಕಡಿದಾದ ಏರು ಹತ್ತುವಂಥದ್ದು, 31 ಡಿಗ್ರಿಗೂ ಸ್ವಲ್ಪ ಜಾಸ್ತಿ. ಹೊಸ ವರ್ಷದ ಮೊದಲ ಸೂರ್ಯನಿಗಾಗಿ ಅದೂ ಕತ್ತಲಲ್ಲೇ ಓಡುತ್ತದೆ. ಆದರೆ ಅಲ್ಲಿ ಇಳಿದ ಮೇಲೆ ತುದಿಗೆ ಮುಕ್ಕಾಲು ಗಂಟೆ ನಡೆಯಬೇಕು. ನನ್ನ ಕೈಲಿ ಆಗದು. ತ್ಸುಕುಬಾ ರೋಪ್‌ವೇ ಇಳಿಸುವುದು ಹೆಣ್ಣು ಶಿಖರದ ಕೊರಳ ಹತ್ತಿರ. ಹೊರಗೆ ಬಂದರೆ ಎದುರಿಗೇ ಆಕಾಶ. ಅದಕ್ಕೇ ಮಗಳು ಅದನ್ನು ಆರಿಸಿದ್ದಳು.

ಮೂರು ಗಂಟೆಗೆ ಎಬ್ಬಿಸಿದಳು. ಎರಡು ಸ್ವೆಟರ್, ಅದರ ಮೇಲೆ ಅಳಿಯನ ಕೋಟು, ತಲೆಗೆ ನನ್ನ ಹಳೆಯ ಮಫ್ಲರ್. ಕಾರಿನಲ್ಲಿ ತ್ಸುತ್ಸುಜಿಗಾಓಕಾ ಅನ್ನುವ ಕೆಳನಿಲ್ದಾಣಕ್ಕೆ ಹೋದೆವು. ಅಜೇಲಿಯಾ ಹೂವಿನ ದಿಬ್ಬ ಅಂತ ಅದರ ಅರ್ಥ. ಹೂವಿನ ಕಾಲ ಅಲ್ಲ, ಕತ್ತಲು, ಸೊನ್ನೆಗಿಂತ ಕೆಳಗಿನ ಚಳಿ. ಆಗಲೇ ಸಾಲು ಇತ್ತು. ನಮ್ಮ ಮುಂದೆ ಒಬ್ಬ ತಾತ, ಎರಡು ಕೈಯಲ್ಲೂ ಊರುಗೋಲು. ಅವರ ಮುಂದೆ ಕಂಬಳಿ ಹೊದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಂದೆ. ಹಿಂದೆ ನಾಲ್ಕಾರು ಕಾಲೇಜು ಹುಡುಗರು, ಪಾಪ ನಿದ್ದೆ ತಡೆಯದೆ ಒಬ್ಬರಿಗೊಬ್ಬರು ಒರಗಿ ನಿಂತಿದ್ದರು.

ಬೇರೆ ದಿನಗಳಲ್ಲಿ ಈ ರೋಪ್‌ವೇ ಓಡುವುದು ಬೆಳಿಗ್ಗೆ ಒಂಬತ್ತರ ಮೇಲೆ. ಇದನ್ನು ದಯವಿಟ್ಟು ಗಮನಿಸಿ. ವರ್ಷವಿಡೀ ಆಫೀಸಿನ ಹೊತ್ತಿಗೆ ಓಡುವ ಗಾಡಿ, ಆ ಒಂದು ದಿನ ಸೂರ್ಯನ ಹೊತ್ತಿಗೆ ಓಡುತ್ತದೆ. ಅದನ್ನು ನಡೆಸುವವರು ಹೊಸ ವರ್ಷದ ರಾತ್ರಿ ತಮ್ಮ ಮನೆಯ ಊಟ ಬಿಟ್ಟು, ಕತ್ತಲಲ್ಲೇ ಬಂದು, ಹಗ್ಗ, ಬ್ರೇಕು ಎಲ್ಲ ನೋಡಿ, ಗಾಳಿ ಎಷ್ಟಿದೆ ಅಂತ ಅಳೆದು, ಆಮೇಲೆ ಬಾಗಿಲು ತೆರೆಯುತ್ತಾರೆ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸಲೇಬೇಕು, ಅದರಲ್ಲಿ ರಾಜಿ ಇಲ್ಲ. ಅವತ್ತು ನಮ್ಮ ಪುಣ್ಯ, ಗಾಳಿ ಮಲಗಿತ್ತು.

ಪೆಟ್ಟಿಗೆ ದೊಡ್ಡದು. ಸುಮಾರು 70 ಜನ ನಿಲ್ಲಬಹುದು. ನಿಲ್ದಾಣದ ನೆಲಕ್ಕೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಸಂದು ಇತ್ತು. ಅದನ್ನು ನೋಡಿ ನನ್ನ ಕಾಲು ಹಿಂಜರಿಯಿತು. ಬಾಗಿಲಲ್ಲಿ ನಿಂತಿದ್ದ ಹುಡುಗ ಏನೂ ಹೇಳದೆ ತನ್ನ ಮೊಣಕೈ ಮುಂದೆ ಚಾಚಿದ. ಹಿಡಿದುಕೊಂಡು ದಾಟಿದೆ. ಊರುಗೋಲಿನ ತಾತನಿಗೂ ಹಾಗೇ ಮಾಡಿದ. ಬಾಗಿಲು ಮುಚ್ಚಿತು. ತೊಟ್ಟಿಲು ತೂಗಿದ ಹಾಗೆ ಒಮ್ಮೆ ತೂಗಿ, ನೆಲ ಕಾಲ ಕೆಳಗಿಂದ ಜಾರಿಹೋಯಿತು.

ಒಳಗೆ ಬೆಳಕು ಕಡಿಮೆ. ಕಿಟಕಿಯ ಆಚೆ ಕೆಳಗೆ ಬಯಲಿನ ತುಂಬ ದೀಪ. ದೂರ ದೂರದವರೆಗೆ ಊರ ಮೇಲೆ ಊರು. ಮಗಳು ಬೆರಳು ತೋರಿಸಿ ಅದು ತ್ಸುಚಿಉರಾ, ಆ ಕಡೆ ಟೋಕಿಯೋ ಅಂದಳು. ಎಪ್ಪತ್ತು ಜನ ಇದ್ದರೂ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ತಂದೆಯ ಹೆಗಲ ಮೇಲಿದ್ದ ಮಗು ಕಣ್ಣು ಬಿಟ್ಟು ದೀಪಗಳನ್ನು ನೋಡಿ ಒಂದು ಮಾತು ಅಂದಿತು, ಸುತ್ತಲಿದ್ದವರು ಮೆಲ್ಲಗೆ ನಕ್ಕರು. ಏನಂತು ಅಂತ ಮಗಳನ್ನು ಕೇಳಿದೆ. ಆಕಾಶ ಕೆಳಗೆ ಬಿದ್ದಿದೆ ಅಂತಂತೆ.

ಅರ್ಧ ದಾರಿಯಲ್ಲಿ ಇಳಿಯುವ ಪೆಟ್ಟಿಗೆ ಎದುರಾಯಿತು. ಖಾಲಿ. ಒಳಗೆ ಒಬ್ಬನೇ ಸಿಬ್ಬಂದಿ. ನಮ್ಮ ಕಡೆ ತಿರುಗಿ ನಡು ಬಗ್ಗಿಸಿ ನಮಸ್ಕಾರ ಮಾಡಿದ. ಕತ್ತಲಲ್ಲಿ, ಗಾಳಿಯ ನಡುವೆ, ಒಂದೇ ಕ್ಷಣ. ನನಗೆ ಗಂಟಲು ಕಟ್ಟಿತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಇಷ್ಟು ವರ್ಷ ಕೌಂಟರಿನ ಆ ಕಡೆ ಕೂತವಳು ನಾನು. ಯಾರೋ ನನಗೋಸ್ಕರ ಹೊತ್ತಿಗೆ ಮುಂಚೆ ಎದ್ದು ಬಂದು ಬಾಗಿಲು ತೆರೆದದ್ದು ಅದೇ ಮೊದಲು ಅನ್ನಿಸಿತು.

ಮೇಲೆ ಇಳಿದೆವು. ಮಗಳು, ಅಳಿಯ ಇಬ್ಬರೂ ಶಿಖರದ ತುದಿಗೆ ಕಲ್ಲು ಹತ್ತಿ ಹೋದರು. ಹೋಗಿ ಬನ್ನಿ ಅಂತ ನಾನೇ ಕಳಿಸಿದೆ. ನಿಲ್ದಾಣದ ಹೊರಗಿನ ಕಟ್ಟೆಯಲ್ಲಿ ನನ್ನ ಹಾಗೇ ಹತ್ತಲಾರದವರು ಸುಮಾರು ಜನ ಇದ್ದರು. ಒಂದು ಕಲ್ಲಿನ ಮೇಲೆ ಕೂತೆ. ಪಕ್ಕದಲ್ಲಿ ಮಡಚುವ ಕುರ್ಚಿ ತಂದುಕೊಂಡಿದ್ದ ಒಬ್ಬ ಅಜ್ಜಿ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಕೈ ಉಜ್ಜುವುದನ್ನು ನೋಡಿ ಚೀಲದಿಂದ ಒಂದು ಸಣ್ಣ ಬಿಳಿ ಪೊಟ್ಟಣ ತೆಗೆದು ಅಲ್ಲಾಡಿಸಿ ನನ್ನ ಅಂಗೈಯಲ್ಲಿಟ್ಟರು. ಒಂದೆರಡು ನಿಮಿಷದಲ್ಲಿ ಅದು ಬೆಚ್ಚಗಾಗತೊಡಗಿತು. ಕೈರೊ ಅಂತಾರೆ ಅದಕ್ಕೆ. ಒಳಗೆ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ತಾಗಿದರೆ ಬೇಗ ಬೇಗ ತುಕ್ಕು ಹಿಡಿಯುತ್ತದೆ, ಹಿಡಿಯುವಾಗ ಬಿಸಿಯಾಗುತ್ತದೆ. ತುಕ್ಕಿಗೂ ಇಷ್ಟು ಬಿಸಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಊರಿಂದ ತಂದಿದ್ದ ಕೋಡುಬಳೆ ಎರಡು ಕೊಟ್ಟೆ. ಕಟುಂ ಅಂತ ಕಡಿದು ನಕ್ಕರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಮಂಡಿ ಮುಟ್ಟಿ ತೋರಿಸಿದೆ. ಅವರೂ ತಮ್ಮ ಮಂಡಿ ಮುಟ್ಟಿ ತೋರಿಸಿದರು. ಅಷ್ಟು ಸಾಕಾಯಿತು.

ಆಗ್ನೇಯದ ಕಡೆ ಬಾನು ನಿಧಾನಕ್ಕೆ ಬಣ್ಣ ಬದಲಿಸುತ್ತಿತ್ತು. ಮೊದಲು ಬೂದಿ, ಆಮೇಲೆ ನೇರಳೆ. ಕೆಳಗೆ ಕಾಸುಮಿಗವುರಾ ಅನ್ನುವ ದೊಡ್ಡ ಕೆರೆ, ಜಪಾನಿನಲ್ಲಿ ಎರಡನೇ ದೊಡ್ಡದು, ತೊಳೆದಿಟ್ಟ ಹಿತ್ತಾಳೆ ತಟ್ಟೆಯ ಹಾಗೆ ಹೊಳೆಯಲು ಶುರುವಾಯಿತು. ಅದರ ಆಚೆ ಕಡಲಿನ ಮೇಲೆ ಒಂದು ತೆಳು ಮೋಡದ ಗೆರೆ. ಬೂದಿ ಮುಚ್ಚಿದ ಕೆಂಡವನ್ನು ಊದಿದರೆ ಅಂಚು ಮಾತ್ರ ಕೆಂಪಾಗುತ್ತದಲ್ಲ, ಹಾಗೆ ಆ ಗೆರೆಯ ಅಂಚು ಕೆಂಪಾಯಿತು. ಅಜ್ಜಿ ನನ್ನ ತೋಳು ಹಿಡಿದರು. ಒಂದು ಬಿಂದು ಚಿಮ್ಮಿತು. ಮೇಲೆ ಶಿಖರದಿಂದ ಜನ ಓ ಅಂದದ್ದು ಕೇಳಿಸಿತು. ಕಟ್ಟೆಯ ಮೇಲಿದ್ದವರು ಕೆಲವರು ಚಪ್ಪಾಳೆಯ ಹಾಗೆ ಎರಡು ಸಲ ಕೈ ತಟ್ಟಿ ತಲೆ ಬಾಗಿಸಿದರು. ನಾನು ಕೈ ಮುಗಿದೆ. ಬಾಯಿಗೆ ತಾನಾಗೇ ಬಂದದ್ದು ಹುಟ್ಟಿದ ನೋಡು ಅನ್ನುವ ಮಾತು. ಪಕ್ಕದಲ್ಲಿ ಕೇಳಬೇಕಾದವರು ಇರಲಿಲ್ಲ.

ಬೆಟ್ಟದ ಮೇಲೆ ಸೂರ್ಯ ಕೆಳಗಿನವರಿಗಿಂತ ನಾಲ್ಕೈದು ನಿಮಿಷ ಮುಂಚೆ ಹುಟ್ಟುತ್ತಾನೆ ಅಂತ ಅಳಿಯ ಆಮೇಲೆ ಹೇಳಿದ. ಎತ್ತರಕ್ಕೆ ಹೋದಷ್ಟೂ ದಿಗಂತ ಕೆಳಗಿಳಿಯುತ್ತದೆ, ಅದಕ್ಕೆ. ಅಂದರೆ ನಾವು ನೋಡುವಾಗ ಕೆಳಗಿನ ಬಯಲಿನಲ್ಲಿ ಅವನು ಇನ್ನೂ ಹುಟ್ಟೇ ಇರಲಿಲ್ಲ. ಗಡಿಯಾರ ನೋಡಿದೆ. ಆರೂಮುಕ್ಕಾಲು. ನಮ್ಮೂರಲ್ಲಿ ಆಗ ಮೂರೂಕಾಲು. ನಮ್ಮವರು ಸೈಕಲ್ಲಿನ ಮೇಲೆ ಇನ್ನೂ ದಾರಿಯಲ್ಲಿರುತ್ತಿದ್ದ ಹೊತ್ತು.

ಸಂಪಾದಕರೇ, ಇಷ್ಟು ಬರೆದದ್ದು ನನ್ನ ಪ್ರವಾಸದ ಕತೆ ಹೇಳಲು ಅಲ್ಲ. 2023ರ ಮಾರ್ಚಿನಲ್ಲಿ ನಂದಿಬೆಟ್ಟದ ರೋಪ್‌ವೇಗೆ ಅಡಿಗಲ್ಲು ಬಿತ್ತು. ಸುಮಾರು ಮೂರು ಕಿಲೋಮೀಟರ್ ಉದ್ದದ ದಾರಿ. ಅದು ಬೇಡ ಅನ್ನುವವರ ಅಂಜಿಕೆ ಸುಳ್ಳಲ್ಲ. 2021ರ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕಿತ್ತುಹೋಗಿತ್ತು. ತಿಂಗಳುಗಟ್ಟಲೆ ಪ್ರವಾಸಿಗರು ಮೇಲೆ ಹೋಗಲಾಗಲಿಲ್ಲ. ಅಂಥ ಮಣ್ಣಿನಲ್ಲಿ ಕಂಬ ನೆಡುವವರು ಹತ್ತು ಸಲ ಯೋಚಿಸಬೇಕು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡ ಅಂತ ಮೈಸೂರಿನವರು ಹೇಳಿದಾಗ ನಾನೂ ಹೌದು ಅಂದವಳು. ನಂದಿಯ ವಿಷಯದಲ್ಲಿ ನನಗೆ ಬೇರೆ ಅನ್ನಿಸುವುದು ಆ ಕಾರುಗಳ ಸಾಲು ನೋಡಿದ್ದರಿಂದ. ಪ್ರತಿ ವಾರ ಅಷ್ಟು ಗಾಡಿ ಹೊಗೆ ಉಗುಳುತ್ತ ಬೆಟ್ಟ ಹತ್ತುವುದಕ್ಕಿಂತ ಒಂದು ಹಗ್ಗ ವಾಸಿ ಅಲ್ವಾ? ಆದರೆ ಹಗ್ಗ ಬಂದ ಮೇಲೆ ರಸ್ತೆಯ ಮೇಲಿನ ಕಾರು ಕಡಿಮೆಯಾಗಬೇಕು. ಎರಡೂ ಇರಲಿ ಅಂದರೆ ಬೆಟ್ಟಕ್ಕೆ ಎರಡು ಹೊರೆ. ಹಾಗೆ ಮಾಡುವುದಾದರೆ ವಿರೋಧಿಸುವವರ ಜೊತೆ ನಾನೂ ಬಂದು ನಿಲ್ಲುತ್ತೇನೆ.

ಕಾಲಲ್ಲಿ ಬಲ ಇದ್ದವರು ಹತ್ತಲಿ, ಉಳಿದವರು ಕೆಳಗಿಂದಲೇ ಕೈ ಮುಗಿಯಲಿ ಅನ್ನುವ ಅರ್ಥದ ಪತ್ರವೊಂದನ್ನೂ ನಿಮ್ಮ ಪುಟದಲ್ಲಿ ಓದಿದೆ. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು, ಬೆಟ್ಟದ ಮೇಲಿನ ಪ್ರೀತಿ ಆ ಪತ್ರದಲ್ಲಿ ಕಾಣುತ್ತದೆ. ಅವರಿಗೆ ಒಂದು ವಿಷಯ ನೆನಪಿಸಬೇಕು. ಗಾಂಧೀಜಿ ನಂದಿಬೆಟ್ಟಕ್ಕೆ ಎರಡು ಸಲ ಬಂದು ಉಳಿದಿದ್ದರು, 1927ರಲ್ಲಿ ಒಮ್ಮೆ, 1936ರಲ್ಲಿ ಒಮ್ಮೆ. ಎರಡು ಸಲವೂ ಮೈ ಸರಿಯಿಲ್ಲದೆ ಚೇತರಿಸಿಕೊಳ್ಳಲು ಬಂದವರು. ನಿತ್ರಾಣ ಆದವರನ್ನು ಕರೆದು ಗಾಳಿ ಬೆಳಕು ಕೊಟ್ಟ ಬೆಟ್ಟ ಅದು. ಈಗ ನಮ್ಮಂಥವರು ಬರಬಾರದು ಅಂದರೆ ಹೇಗೆ?

ನನ್ನ ಕೋರಿಕೆ ಸಣ್ಣದು. ರೋಪ್‌ವೇ ಆಗುವುದೇ ಆದರೆ, ಅದರ ವೇಳಾಪಟ್ಟಿ ಬರೆಯುವವರು ಪೆನ್ನು ಹಿಡಿಯುವ ಮೊದಲು ಪಂಚಾಂಗ ತೆರೆಯಲಿ. ನಂದಿಬೆಟ್ಟಕ್ಕೆ ಜನ ಹೋಗುವುದೇ ಬೆಳಗಿನ ಸೂರ್ಯನಿಗೆ, ಮಂಜಿಗೆ. ಒಂಬತ್ತಕ್ಕೆ ಶುರುವಾಗುವ ಗಾಡಿಯಿಂದ ಆಸೆ ಇರುವ ಯಾರಿಗೂ ಉಪಯೋಗ ಇಲ್ಲ. ಸೂರ್ಯ ಬೇಕಾದವರು ಮತ್ತೆ ಕಾರಿನಲ್ಲೇ ಹೋಗುತ್ತಾರೆ, ಸಾಲು ಹಾಗೇ ಉಳಿಯುತ್ತದೆ. ದಿನಾ ಕತ್ತಲಲ್ಲಿ ಓಡಿಸಿ ಅಂತ ಕೇಳುತ್ತಿಲ್ಲ. ಕೆಲಸ ಮಾಡುವವರಿಗೂ ಮನೆ ಮಠ ಇದೆ, ನಿದ್ದೆ ಬೇಕು. ನಾನು ದುಡಿದವಳು, ಅದು ನನಗೆ ಗೊತ್ತು. ಶನಿವಾರ, ಭಾನುವಾರ ಆದರೆ ತುಂಬ ಸಂತೋಷ. ಅದೂ ಕಷ್ಟ ಅಂದರೆ ವರ್ಷಕ್ಕೆ ಎರಡೇ ದಿನ ಕೊಡಿ. ರಥಸಪ್ತಮಿ ಮತ್ತು ಯುಗಾದಿ.

ಜನವರಿ 1 ಅವರದ್ದು. ನಮ್ಮ ಸೂರ್ಯನ ದಿನ ಅಂದರೆ ರಥಸಪ್ತಮಿ. ಅವತ್ತು ನಮ್ಮಮ್ಮ ತಲೆ, ಭುಜಗಳ ಮೇಲೆಲ್ಲ ಎಕ್ಕದ ಎಲೆ ಏಳು ಇಟ್ಟು ನೀರು ಹಾಕುತ್ತಿದ್ದರು. ಎಲೆ ಜಾರಿ ಬಚ್ಚಲಿಗೆ ಬೀಳುವಾಗ ತಣ್ಣಗೆ ಬೆನ್ನು ಸವರಿಕೊಂಡು ಹೋಗುತ್ತಿತ್ತು. ಆಮೇಲೆ ಒದ್ದೆ ತಲೆಯಲ್ಲೇ ಅಂಗಳಕ್ಕೆ ಬಂದು ಸೂರ್ಯನಿಗೆ ಕೈ ಮುಗಿಯಬೇಕು. ಈಗ ಅಪಾರ್ಟ್‌ಮೆಂಟಿನಲ್ಲಿ ಎಷ್ಟೋ ವಯಸ್ಸಾದವರಿಗೆ ಆ ಅಂಗಳವೇ ಇಲ್ಲ, ಪೂರ್ವದ ಕಡೆ ಇನ್ನೊಂದು ಕಟ್ಟಡ ನಿಂತಿದೆ. ಅಂಥವರನ್ನು ವರ್ಷಕ್ಕೊಂದು ಸಲ ಬೆಟ್ಟದ ಮೇಲೆ ಕೂರಿಸಿದರೆ ಎಷ್ಟು ಚೆನ್ನ.

ಲೆಕ್ಕ ಹಾಕಿ ನೋಡಿದ್ದೇನೆ, ಹಳೆಯ ಅಭ್ಯಾಸ. ರಥಸಪ್ತಮಿ ಬರುವುದು ಜನವರಿ ಕೊನೆಯಲ್ಲಿ ಇಲ್ಲ ಫೆಬ್ರವರಿಯಲ್ಲಿ. ನಮ್ಮ ಕಡೆ ಆಗ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಆಸುಪಾಸು. ಮೊದಲ ಗಾಡಿ ಐದೂಕಾಲಿಗೆ ಹೊರಟರೆ, ನಿಧಾನಕ್ಕೆ ಹತ್ತಿ ಇಳಿಯುವವರಿಗೂ ಸಮಯ ಸಿಗುತ್ತದೆ. ಯುಗಾದಿಗೆ ಆರೂಕಾಲರ ಹೊತ್ತಿಗೇ ಹುಟ್ಟುತ್ತಾನೆ, ಅದಕ್ಕೆ ಐದಕ್ಕೂ ಸ್ವಲ್ಪ ಮುಂಚೆ ಬೇಕು. ಮೊದಲ ಎರಡು ಮೂರು ಗಾಡಿ ವಯಸ್ಸಾದವರಿಗೆ, ಊರುಗೋಲು, ಗಾಲಿಕುರ್ಚಿಯವರಿಗೆ, ಜೊತೆಗೆ ಬರುವ ಒಬ್ಬರಿಗೆ. ಹುಡುಗರು ಆಮೇಲೆ ಬರಲಿ, ಅಥವಾ ಮೆಟ್ಟಿಲು ಹತ್ತಲಿ, ಆ ಮೆಟ್ಟಿಲು ಬಿಡಬಾರದ ಸುಖ. ಮೇಲಿನ ನಿಲ್ದಾಣದ ಬಾಗಿಲಿನ ಹತ್ತಿರವೇ, ಪೂರ್ವಕ್ಕೆ ಮುಖ ಮಾಡಿ ನಾಲ್ಕು ಕಲ್ಲು ಬೆಂಚು ಇರಲಿ. ಬೆನ್ನಿಗೆ ಒರಗು ಇರಲಿ. ಹತ್ತಿರದಲ್ಲೇ ಶೌಚಾಲಯ ಇರಲಿ. ಚಳಿಯಲ್ಲಿ ವಯಸ್ಸಾದವರಿಗೆ ಅದು ಎಷ್ಟು ಮುಖ್ಯ ಅಂತ ನಕ್ಷೆ ಬರೆಯುವ ಹುಡುಗರಿಗೆ ಹೊಳೆಯುವುದಿಲ್ಲ, ಅವರನ್ನು ತಪ್ಪು ಅನ್ನಲಾರೆ, ಅದಕ್ಕೇ ಹೇಳುತ್ತಿದ್ದೇನೆ. ಗಾಡಿಯ ಬಾಗಿಲಿಗೂ ನೆಲಕ್ಕೂ ನಡುವಿನ ಆ ಒಂದು ಗೇಣಿನ ಹತ್ತಿರ ಮೊಣಕೈ ಚಾಚಿ ನಿಲ್ಲುವ ಒಬ್ಬರು ಬೇಕು.

ಮಂಜು ಮುಚ್ಚಿ ಸೂರ್ಯ ಕಾಣದಿದ್ದರೆ ಅಂತ ಕೇಳಬಹುದು. ಕಾಣದಿದ್ದರೆ ಪರವಾಗಿಲ್ಲ. ಇನ್ನೊಂದು ಸಲ ಬರುತ್ತೇವೆ. ಇಪ್ಪತ್ತಾರು ವರ್ಷ ಮಾತ್ರ ಕಾಯಿಸಬೇಡಿ.

ಅಜ್ಜಿ ಕೊಟ್ಟ ಆ ಪೊಟ್ಟಣ ನನ್ನ ಹತ್ತಿರ ಇನ್ನೂ ಇದೆ. ಬಿಸಿ ಅವತ್ತು ಸಂಜೆಗೇ ಆರಿಹೋಯಿತು, ಪುಡಿ ಕಲ್ಲಾಗಿದೆ. ನಮ್ಮವರ ಸೈಕಲ್ ಬೀಗದ ಕೈ ಇಟ್ಟ ಡಬ್ಬಿಯಲ್ಲೇ ಇಟ್ಟಿದ್ದೇನೆ. ನಂದಿಯಲ್ಲಿ ಮೊದಲ ಗಾಡಿ ಕತ್ತಲಲ್ಲಿ ಹೊರಡುವ ದಿನ ಗೊತ್ತಾದರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಒಂದು ವಾರ ಮುಂಚೆ ಹಾಕಿ. ಎಕ್ಕದ ಎಲೆ ಕೊಯ್ದು ತರಬೇಕು. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಗಿಡ ಇದೆ, ಬರುವವರಿಗೆಲ್ಲ ಆಗುವಷ್ಟು ನಾನೇ ತರುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ನಿವೃತ್ತ ಅಂಚೆ ನೌಕರಳು, ದೊಡ್ಡಬಳ್ಳಾಪುರ